ಹಳೆಯ ಕಂಪ್ಯೂಟರ್ ದುರಸ್ತಿಯಲ್ಲಿ ನಾನು ನೆಚ್ಚಿಕೊಂಡ ಉಪಕರಣಗಳು

ನನ್ನ ಕೆಲಸದ ಮೇಜಿಗೆ ಬರುವ ಹಳೆಯ ಕಂಪ್ಯೂಟರ್‌ಗಳಲ್ಲಿ ಹೆಚ್ಚಿನವು ಎರಡು ಕಾಲಕ್ಕೆ ಸೇರಿದವು. 1990ರ ದಶಕದ 386, 486 ಮತ್ತು ಮೊದಲ ಪೆಂಟಿಯಂ ಯಂತ್ರಗಳದು ಒಂದು ಗುಂಪು. 2000ದ ಆಸುಪಾಸಿನ ಪೆಂಟಿಯಂ 3, ಪೆಂಟಿಯಂ 4 ಯಂತ್ರಗಳದು ಇನ್ನೊಂದು. ಹಳೆಯ ಯಂತ್ರದ ಮೇಲಿನ ಅಕ್ಕರೆಯಿಂದ ತರುವವರೂ ಇದ್ದಾರೆ, ಆದರೆ ಹಲವರಿಗೆ ಆ ಯಂತ್ರ ಇಂದಿಗೂ ಹೊಟ್ಟೆಪಾಡಿನ ಸಾಧನ. ನನಗೆ ಪರಿಚಯದ ಮುದ್ರಣಾಲಯದ ಮಾಲೀಕರೊಬ್ಬರು ವಿಂಡೋಸ್ 98ರಲ್ಲಿ ಓಡುವ ಕನ್ನಡ ಡಿಟಿಪಿ ತಂತ್ರಾಂಶವನ್ನು ಈಗಲೂ ಬಳಸುತ್ತಾರೆ. ಅದರ ಲಾಕ್ (ನಕಲು ಬಳಕೆ ತಡೆಯುವ ಪುಟ್ಟ ಸಾಧನ) ಪ್ರಿಂಟರ್ ಪೋರ್ಟಿಗೆ ಸಿಕ್ಕಿಸುವಂಥದ್ದು, ಈಗಿನ ಕಂಪ್ಯೂಟರ್‌ಗಳಲ್ಲಿ ಆ ಪೋರ್ಟೇ ಇರುವುದಿಲ್ಲ. ಅವರು ಹಿಂದೆ ಅಚ್ಚು ಹಾಕಿದ ಪುಸ್ತಕಗಳ ಪೇಜ್‌ಮೇಕರ್ ಕಡತಗಳೆಲ್ಲ ಅದೇ ಯಂತ್ರದಲ್ಲಿ, ಅದೇ ತಂತ್ರಾಂಶದ ಅಕ್ಷರಗಳಲ್ಲಿ ಕೂತಿವೆ. ಅಂಥವರಿಗೆ ಹೊಸದನ್ನು ಕೊಳ್ಳಿ ಎಂದು ಹೇಳಿ ಕಳಿಸುವುದು ಪರಿಹಾರವಲ್ಲ.

ಈ ಯಂತ್ರಗಳ ಒಡನಾಟದಲ್ಲಿ ನನಗೆ ಖಚಿತವಾಗಿರುವುದು ಇಷ್ಟು: ಬಿಚ್ಚುವ, ಕೀಳುವ, ಬೆಸೆಯುವ ಉಪಕರಣಗಳಿಗೆ ಮುಂಚೆ ಅಳೆಯುವ ಮತ್ತು ತೋರಿಸುವ ಉಪಕರಣಗಳಿಗೆ ಹಣ ಹಾಕಬೇಕು. ಹೊಸ ಕಂಪ್ಯೂಟರ್‌ನಲ್ಲಿ ರ‍್ಯಾಮ್ ಬದಲಾಯಿಸಿ ನೋಡೋಣ, ಆಗದಿದ್ದರೆ ಬೋರ್ಡ್ ಬದಲಾಯಿಸಿ ನೋಡೋಣ ಎಂಬ ಪದ್ಧತಿ ನಡೆದೀತು, ಏಕೆಂದರೆ ಬದಲಿ ಭಾಗಗಳು ಅಂಗಡಿಯಲ್ಲಿ ಸಿಗುತ್ತವೆ. 486 ಬೋರ್ಡ್‌ಗೆ ಬದಲಿ ಹುಡುಕಿಕೊಂಡು ಬೆಂಗಳೂರಿನ ಎಸ್.ಪಿ. ರಸ್ತೆಯನ್ನು ಉದ್ದಕ್ಕೂ ಸುತ್ತಿದರೂ ಸಿಗುವ ಭರವಸೆಯಿಲ್ಲ. ಕೈಯಲ್ಲಿರುವ ಬೋರ್ಡನ್ನೇ ಉಳಿಸಿಕೊಳ್ಳಬೇಕಾದಾಗ ಅಂದಾಜಿಗೆ ಜಾಗವಿಲ್ಲ.

ಆದ್ದರಿಂದ ನನ್ನ ಮೇಜಿನ ಮೊದಲ ಉಪಕರಣ ಸೀರೀಸ್ ಬಲ್ಬ್ ಬೋರ್ಡ್. ಟಿ.ವಿ. ರಿಪೇರಿ ಮಾಡುತ್ತಿದ್ದವರ ಅಂಗಡಿಗಳಲ್ಲೆಲ್ಲ ಇದು ಇರುತ್ತಿತ್ತು. ಕಂಪ್ಯೂಟರ್ ಕೆಲಸಕ್ಕೆ ಬಂದವರು ಏಕೋ ಇದನ್ನು ಕೈಬಿಟ್ಟರು. ಮರದ ಹಲಗೆಯ ಮೇಲೆ ಒಂದು ಬಲ್ಬ್ ಹೋಲ್ಡರ್, ಒಂದು ಸಾಕೆಟ್, ಒಂದು ಸ್ವಿಚ್ ಇದ್ದರೆ ಸಾಕು. 230 ವೋಲ್ಟ್‌ನ ಫೇಸ್ ತಂತಿ ಬಲ್ಬಿನ ಮೂಲಕ ಹಾದು ಸಾಕೆಟ್ಟಿಗೆ ಹೋಗಬೇಕು. ಬಲ್ಬು ಫಿಲಮೆಂಟ್ ಇರುವ ಹಳೆಯ ಬಗೆಯದೇ, 60 ಅಥವಾ 100 ವಾಟ್‌ನದು ಆಗಿರಬೇಕು. ಎಲ್‌ಇಡಿ ಬಲ್ಬಿನಿಂದ ಈ ಕೆಲಸ ಆಗದು. ಅಟ್ಟದ ಮೇಲೆ ವರ್ಷಗಟ್ಟಲೆ ಬಿದ್ದಿದ್ದ ಯಂತ್ರದ ಪವರ್ ಸಪ್ಲೈಯನ್ನು ಬೋರ್ಡಿನಿಂದ ಬಿಡಿಸಿ ಈ ಸಾಕೆಟ್ಟಿಗೆ ಹಾಕುತ್ತೇನೆ. ಸಪ್ಲೈ ಚೆನ್ನಾಗಿದ್ದರೆ ಒಳಗಿನ ದೊಡ್ಡ ಕೆಪಾಸಿಟರ್‌ಗಳು ತುಂಬಿಕೊಳ್ಳುವಾಗ ಬಲ್ಬು ಒಮ್ಮೆ ಮಿಂಚಿ ಮಂಕಾಗುತ್ತದೆ. ಒಳಗೆ ಶಾರ್ಟ್ ಆಗಿದ್ದರೆ ಬಲ್ಬು ಪೂರ್ಣ ಬೆಳಕಿನಲ್ಲಿ ಉರಿಯುತ್ತಲೇ ಇರುತ್ತದೆ. ವಿದ್ಯುತ್ ಬಲ್ಬಿನಲ್ಲಿ ಖರ್ಚಾಗುವುದರಿಂದ ಸಪ್ಲೈ ಸಿಡಿಯುವುದಿಲ್ಲ, ಮನೆಯ ಫ್ಯೂಸೂ ಹೋಗುವುದಿಲ್ಲ. ನಮ್ಮ ಕಡೆಯ ಸಪ್ಲೈಗಳೊಳಗೆ ಹಲ್ಲಿ ಸತ್ತು ಒಣಗಿರುವುದು, ಜಿರಲೆ ಮನೆ ಮಾಡಿರುವುದು ಸಾಮಾನ್ಯವಾದ್ದರಿಂದ ಈ ಪರೀಕ್ಷೆಯನ್ನು ನಾನು ಎಂದೂ ಬಿಡುವುದಿಲ್ಲ. ಹಿಂಬದಿಯಲ್ಲಿ 115/230 ಎಂಬ ಕೆಂಪು ಸ್ವಿಚ್ ಇದ್ದರೆ ಅದು 230ರ ಕಡೆಗಿದೆಯೇ ಎಂಬುದನ್ನೂ ಸಾಕೆಟ್ಟಿಗೆ ಹಾಕುವ ಮೊದಲೇ ನೋಡಿಕೊಳ್ಳಬೇಕು.

ಬಲ್ಬು ಒಪ್ಪಿದ ಮೇಲೆ ಮಲ್ಟಿಮೀಟರಿನ ಸರದಿ. ಎಟಿಎಕ್ಸ್ ಸಪ್ಲೈ (ಎರಡನೆಯ ಗುಂಪಿನ ಯಂತ್ರಗಳ ಬಗೆ) ಆದರೆ ಹಸಿರು ತಂತಿಯನ್ನು ಕಪ್ಪು ತಂತಿಗೆ ಸೇರಿಸಿದಾಗ ಚಾಲೂ ಆಗುತ್ತದೆ. ಲೋಡ್, ಅಂದರೆ ವಿದ್ಯುತ್ ಎಳೆಯುವ ಸಾಧನ, ಇಲ್ಲದೆ ಅಳೆದ ವೋಲ್ಟೇಜನ್ನು ನಾನು ನಂಬುವುದಿಲ್ಲ. ಕೆಲಸಕ್ಕೆ ಬಾರದ, ಆದರೆ ತಿರುಗುವ ಒಂದು ಹಳೆಯ ಹಾರ್ಡ್ ಡಿಸ್ಕನ್ನು ಇದಕ್ಕೆಂದೇ ಇಟ್ಟುಕೊಂಡಿದ್ದೇನೆ. 5 ವೋಲ್ಟ್‌ನ ಕೆಂಪು ತಂತಿ 4.75ರಿಂದ 5.25ರ ಒಳಗೆ, 12 ವೋಲ್ಟ್‌ನ ಹಳದಿ ತಂತಿ 11.4ರಿಂದ 12.6ರ ಒಳಗೆ ಇರಬೇಕು. ಅದಕ್ಕೂ ಹಿಂದಿನ ಎಟಿ ಬಗೆಯ ಸಪ್ಲೈಯಿಂದ ಬೋರ್ಡಿಗೆ ಹೋಗುವ ಪಿ8, ಪಿ9 ಎಂಬ ಎರಡು ಪ್ಲಗ್‌ಗಳನ್ನು ಅದಲುಬದಲಾಗಿ ಹಾಕಲು ಸಾಧ್ಯವಿದೆ, ಹಾಕಿದರೆ ಬೋರ್ಡು ಸುಟ್ಟುಹೋಗುತ್ತದೆ. ಎರಡೂ ಪ್ಲಗ್‌ಗಳ ಕಪ್ಪು ತಂತಿಗಳು ನಡುವೆ ಒಂದರ ಪಕ್ಕ ಒಂದು ಬರಬೇಕೆಂಬುದನ್ನು ಪ್ರತಿ ಸಲವೂ ಕಣ್ಣಿಟ್ಟು ನೋಡಬೇಕು. ಸಪ್ಲೈಯ ಡಬ್ಬಿಯನ್ನೇ ಬಿಚ್ಚುವುದಾದರೆ ಒಳಗಿನ ಕೆಪಾಸಿಟರ್‌ಗಳಲ್ಲಿ 300 ವೋಲ್ಟ್‌ಗೂ ಮೀರಿದ ಡಿ.ಸಿ. ಉಳಿದಿರಬಹುದು. ಪ್ಲಗ್ ತೆಗೆದ ಮಾತ್ರಕ್ಕೆ ಅದು ಇಳಿದುಹೋಗಿರುತ್ತದೆ ಎಂದು ಭಾವಿಸದೆ ಮೀಟರಿನಲ್ಲಿ ಅಳೆದ ಮೇಲೆಯೇ ಕೈ ಹಾಕಬೇಕು.

ಮೀಟರ್ ತೀರ ದುಬಾರಿಯದು ಬೇಕಿಲ್ಲ. ಆದರೆ ಕಂಟಿನ್ಯುಟಿ (ಗೆರೆ ಕಡಿಯದೆ ಇದೆಯೇ ಎಂಬುದು) ನೋಡುವಾಗ ಮುಟ್ಟಿದ ತಕ್ಷಣ ಬೀಪ್ ಎನ್ನಬೇಕು, ಮೊನೆಗಳು ಸೂಜಿಯಷ್ಟು ಚೂಪಾಗಿರಬೇಕು. ತಡವಾಗಿ ಕೂಗುವ ಮೀಟರ್ ಹಿಡಿದು ಬೋರ್ಡಿನ ತಾಮ್ರದ ಗೆರೆಗಳನ್ನು ಒಂದೊಂದಾಗಿ ನೋಡುತ್ತಾ ಹೋದರೆ ಸಹನೆ ಕೆಡುತ್ತದೆ, ಸಹನೆ ಕೆಟ್ಟಾಗ ಗೆರೆ ತಪ್ಪುತ್ತದೆ. ಇದೇ ಮೀಟರಿನಿಂದ ಮನೆಯ ಸಾಕೆಟ್ಟಿನ ನ್ಯೂಟ್ರಲ್ ಮತ್ತು ಅರ್ತ್ ನಡುವೆಯೂ ಅಳೆಯಬೇಕು. ಅಲ್ಲಿ ಒಂದೆರಡು ವೋಲ್ಟ್‌ಗಿಂತ ಹೆಚ್ಚು ಕಂಡರೆ ಅರ್ತಿಂಗ್ ಸರಿಪಡಿಸಿಕೊಂಡು ಆಮೇಲೆ ಕೆಲಸಕ್ಕೆ ಕೂರುವುದು ಒಳ್ಳೆಯದು. ಮಣಿಕಟ್ಟಿಗೆ ಕಟ್ಟುವ ಆ್ಯಂಟಿಸ್ಟ್ಯಾಟಿಕ್ ಪಟ್ಟಿಯಲ್ಲಿ 1 ಮೆಗಾಓಮ್ ರೆಸಿಸ್ಟರ್ ಇರುತ್ತದೆ. ಅದು ಇಲ್ಲದ ಪಟ್ಟಿಯನ್ನಾಗಲಿ, ಬರಿಯ ತಂತಿಯನ್ನಾಗಲಿ ಯಾರೂ ಕೈಗೆ ಕಟ್ಟಿಕೊಳ್ಳಬಾರದು.

ತೋರಿಸುವ ಉಪಕರಣಗಳಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಪೋಸ್ಟ್ ಕಾರ್ಡ್, ಅಂದರೆ ಯಂತ್ರ ಚಾಲೂ ಆಗುವಾಗ ಮಾಡಿಕೊಳ್ಳುವ ಸ್ವಯಂಪರೀಕ್ಷೆಯನ್ನು ತೋರಿಸುವ ಕಾರ್ಡು. ಕಂಪ್ಯೂಟರ್ ಚಾಲೂ ಆಗುವಾಗ ಬಯಾಸ್ (ಯಂತ್ರವನ್ನು ಎಬ್ಬಿಸುವ, ಬೋರ್ಡಿನ ಚಿಪ್ಪಿನಲ್ಲಿರುವ ತಂತ್ರಾಂಶ) ತನ್ನ ಪ್ರತಿಯೊಂದು ಹಂತದ ಸಂಖ್ಯೆಯನ್ನು 80ಎಚ್ ಎಂಬ ಪೋರ್ಟಿಗೆ ಬರೆಯುತ್ತಾ ಹೋಗುತ್ತದೆ. ಸ್ಲಾಟಿನಲ್ಲಿ ಕೂರಿಸಿದ ಈ ಕಾರ್ಡು ಆ ಸಂಖ್ಯೆಯನ್ನು ಎರಡು ಅಂಕಿಗಳಲ್ಲಿ ತೋರಿಸುತ್ತದೆ, ಪರದೆಯ ಮೇಲೆ ಏನೂ ಮೂಡದ ಯಂತ್ರ ಎಲ್ಲಿ ನಿಂತಿತು ಎಂಬುದು ಹೀಗೆ ತಿಳಿಯುತ್ತದೆ. ಅವಾರ್ಡ್ ಕಂಪನಿಯ ಬಯಾಸ್ ಇರುವ ಬೋರ್ಡು ಸಿ1ರಲ್ಲಿ ನಿಂತರೆ ನಾನು ನೇರ ರ‍್ಯಾಮಿನ ಕಡೆಗೆ ಹೋಗುತ್ತೇನೆ. ಸಂಕೇತಗಳು ಬಯಾಸ್‌ನಿಂದ ಬಯಾಸ್‌ಗೆ ಬೇರೆಯಾಗುವುದರಿಂದ ಎಎಂಐ ಬಯಾಸ್‌ನ ಬೋರ್ಡಿಗೆ ಅವಾರ್ಡ್‌ನ ಪಟ್ಟಿ ಹಿಡಿದು ಕೂತರೆ ದಾರಿ ತಪ್ಪುತ್ತದೆ. ಮೊದಲು ಚಿಪ್ಪಿನ ಮೇಲಿನ ಹೆಸರು ಓದಬೇಕು. ಅಂಕಿ ಬದಲಾಗದೇ ಇದ್ದರೂ ಕಾರ್ಡಿನ ಅಂಚಿನ ಪುಟ್ಟ ದೀಪಗಳಿಂದ 5 ವೋಲ್ಟ್, 12 ವೋಲ್ಟ್, ರೀಸೆಟ್, ಕ್ಲಾಕ್ ಬರುತ್ತಿವೆಯೇ ಎಂಬುದು ಗೊತ್ತಾಗುತ್ತದೆ. ರೀಸೆಟ್ ದೀಪ ಆರದೆ ಉರಿಯುತ್ತಲೇ ಇದ್ದರೆ ಪ್ರೊಸೆಸರ್ ಇನ್ನೂ ಕೆಲಸ ಆರಂಭಿಸಿಲ್ಲ ಎಂದೇ ಅರ್ಥ, ಆಗ ರ‍್ಯಾಮ್ ಬದಲಾಯಿಸುತ್ತಾ ಕೂರುವುದರಿಂದ ಪ್ರಯೋಜನವಿಲ್ಲ. ಒಂದು ಬದಿ ಹೊಸ ಬಗೆಯ ಸ್ಲಾಟಾದ ಪಿಸಿಐ, ಇನ್ನೊಂದು ಬದಿ ಹಳೆಯ ಬಗೆಯ ಐಎಸ್‌ಎ ಇರುವ ಕಾರ್ಡ್ ಎರಡೂ ಕಾಲದ ಬೋರ್ಡ್‌ಗಳಿಗೆ ಒದಗುತ್ತದೆ. ಐಎಸ್‌ಎ ಬದಿಯನ್ನು ತಿರುಗುಮುರುಗಾಗಿ ತೂರಿಸಲು ಆಗುವುದರಿಂದ ದಿಕ್ಕನ್ನು ಗುರುತು ಹಾಕಿಟ್ಟುಕೊಳ್ಳಬೇಕು.

386 ಮತ್ತು 486 ಬೋರ್ಡ್‌ಗಳ ದೊಡ್ಡ ಶತ್ರು ಬ್ಯಾಟರಿ. ಗಡಿಯಾರ ಮತ್ತು ಸೆಟಪ್ ಉಳಿಸಿಕೊಳ್ಳಲು ಅವುಗಳಲ್ಲಿ 3.6 ವೋಲ್ಟ್‌ನ, ಪೀಪಾಯಿಯ ಆಕಾರದ ನಿಕಲ್ ಕ್ಯಾಡ್ಮಿಯಂ ಬ್ಯಾಟರಿಯನ್ನು ಬೋರ್ಡಿಗೇ ಬೆಸೆದಿರುತ್ತಾರೆ. ವಯಸ್ಸಾದಾಗ ಅದರಿಂದ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಎಂಬ ತೀಕ್ಷ್ಣ ಕ್ಷಾರ ಸೋರುತ್ತದೆ. ಸಾಮಾನ್ಯವಾಗಿ ಬ್ಯಾಟರಿಯ ಪಕ್ಕದಲ್ಲೇ ಇರುವ ಕೀಬೋರ್ಡ್ ಸಾಕೆಟ್ಟು ಮತ್ತು ಅದರ ನಿಯಂತ್ರಕ ಚಿಪ್ಪು ಮೊದಲ ಬಲಿ. ಗೆದ್ದಲು ಹಿಡಿದ ಬಾಗಿಲಿನಂತೆ ಮೇಲಿನ ಹಸಿರು ಲೇಪ ಗಟ್ಟಿಯಾಗಿ ಕಂಡರೂ ಒಳಗಿನ ತಾಮ್ರ ತಿಂದುಹೋಗಿರುತ್ತದೆ. ಇಲ್ಲಿ ಬೇಕಾಗುವುದು ಬೆಳಕಿರುವ ಭೂತಗನ್ನಡಿ, ಹಳೆಯ ಹಲ್ಲುಜ್ಜುವ ಬ್ರಷ್, ಬಿಳಿ ವಿನೆಗರ್ ಮತ್ತು ಐಸೋಪ್ರೊಪೈಲ್ ಆಲ್ಕೊಹಾಲ್. ಬ್ಯಾಟರಿಯನ್ನು ಕತ್ತರಿಸಿ ತೆಗೆದು, ಕಿಲುಬು ಹಿಡಿದ ಜಾಗಕ್ಕೆ ಬ್ರಷ್ಷಿನಿಂದ ವಿನೆಗರ್ ಹಚ್ಚುತ್ತೇನೆ. ಕ್ಷಾರವಿರುವಲ್ಲಿ ಅದು ಸಣ್ಣಗೆ ನೊರೆಯಾಡುವುದೂ ಉಂಟು. ಆಮೇಲೆ ಶುದ್ಧ ನೀರಿನಿಂದ ತೊಳೆದು, ನೀರು ಹೋಗುವಂತೆ ಆಲ್ಕೊಹಾಲಿನಿಂದ ಒರೆಸಿ, ಚೆನ್ನಾಗಿ ಒಣಗಿಸುತ್ತೇನೆ. ವಿನೆಗರ್ ಆಮ್ಲವಾದ್ದರಿಂದ ಅದನ್ನು ಹಾಗೇ ಬಿಟ್ಟರೆ ಇನ್ನೊಂದು ಬಗೆಯ ತುಕ್ಕು ಶುರುವಾಗುತ್ತದೆ. ಕಪ್ಪಾದ ಗೆರೆಗಳ ಮೇಲಿನ ಲೇಪವನ್ನು ಫೈಬರ್‌ಗ್ಲಾಸ್ ಪೆನ್ನಿನಿಂದ ಮೆಲ್ಲಗೆ ಕೆರೆದು, ಮೀಟರಿನಿಂದ ಒಂದೊಂದನ್ನೂ ನೋಡಿ, ಕಡಿದುಹೋದ ಗೆರೆಗೆ ಎನಾಮಲ್ ಲೇಪವಿರುವ ತೆಳು ತಾಮ್ರದ ತಂತಿ ಎಳೆಯುತ್ತೇನೆ.

ಬದಲಿ ಬ್ಯಾಟರಿಯ ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯ. ಈ ಬೋರ್ಡ್‌ಗಳು ತಮ್ಮ ಬ್ಯಾಟರಿಯನ್ನು ಚಾರ್ಜ್ ಮಾಡುತ್ತಿರುತ್ತವೆ. ಆ ಜಾಗಕ್ಕೆ ಚಾರ್ಜ್ ಮಾಡಬಾರದ ಲಿಥಿಯಂ ನಾಣ್ಯ ಸೆಲ್ ಬೆಸೆಯುವುದಾದರೆ ನಡುವೆ ಡಯೋಡ್ (ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುವ ಭಾಗ) ಇರಲೇಬೇಕು. ಹೊರಗಿನ ಬ್ಯಾಟರಿಗೆಂದೇ ನಾಲ್ಕು ಪಿನ್‌ಗಳ ಜೋಡಣೆಯಿದ್ದರೆ ಅದನ್ನು ಬಳಸಿ, ಸೆಲ್ಲಿನ ಡಬ್ಬಿಯನ್ನು ಬೋರ್ಡಿನಿಂದ ದೂರ, ಕ್ಯಾಬಿನೆಟ್ಟಿನ ಗೋಡೆಗೆ ಅಂಟಿಸುವುದು ನನಗೆ ಹೆಚ್ಚು ಇಷ್ಟ. ಮುಂದೆ ಎಂದಾದರೂ ಸೋರಿದರೂ ಬೋರ್ಡಿಗೆ ಏನೂ ಆಗುವುದಿಲ್ಲ.

ಎರಡನೆಯ ಗುಂಪಿನ, ಅಂದರೆ 2000ದ ಆಸುಪಾಸಿನ ಬೋರ್ಡ್‌ಗಳನ್ನು ಕೆಡಿಸಿದ್ದು ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳು. 1999ರಿಂದ 2007ರವರೆಗೆ ತಯಾರಾದ ಅನೇಕ ಬೋರ್ಡ್‌ಗಳಲ್ಲಿ ಪ್ರೊಸೆಸರಿನ ಸುತ್ತಲಿನ ಕೆಪಾಸಿಟರ್‌ಗಳ ತಲೆ ಉಬ್ಬಿ, ಕಂದು ಬಣ್ಣದ ಕಲೆ ಕಾಣುತ್ತದೆ. ಇವನ್ನು ತೆಗೆಯುವುದು ಕಠಿಣ, ಬೆಸುಗೆಯ ಉಪಕರಣಕ್ಕೆ ನಾನು ಹೆಚ್ಚು ಹಣ ಕೊಟ್ಟದ್ದೂ ಇದೇ ಕಾರಣಕ್ಕೆ. ಅಂಗಡಿಗಳಲ್ಲಿ ಸಾಮಾನ್ಯವಾಗಿ ಸಿಗುವ 25 ವಾಟ್‌ನ ಸೋಲ್ಡರಿಂಗ್ ಐರನ್ ರೇಡಿಯೊಗೆ ಸಾಕು, ಮದರ್‌ಬೋರ್ಡಿಗೆ ಸಾಲದು. ಕೆಪಾಸಿಟರಿನ ಋಣ ಕಾಲು ಬೋರ್ಡಿನ ಒಳಪದರದಲ್ಲಿ ಹರಡಿರುವ ಅಗಲವಾದ ತಾಮ್ರದ ಹಾಳೆಗೆ ಸೇರಿರುವುದರಿಂದ, ಕೊಟ್ಟ ಶಾಖವನ್ನೆಲ್ಲ ಆ ಹಾಳೆ ಹೀರಿಬಿಡುತ್ತದೆ. ಬೆಸುಗೆ ಕರಗಲಿಲ್ಲವೆಂದು ಒತ್ತಿ ಎಳೆದರೆ ತೂತಿನೊಳಗಿನ ಲೋಹದ ಲೇಪವೇ ಕಿತ್ತು ಬರುತ್ತದೆ. ನನ್ನಲ್ಲಿರುವುದು ಉಷ್ಣತೆಯನ್ನು ನಿಗದಿ ಮಾಡಬಹುದಾದ 60 ವಾಟ್‌ನ ಸ್ಟೇಷನ್. ಅದಕ್ಕೆ ಉಳಿಯಂತೆ ಅಗಲವಾದ ಮೊನೆ ಹಾಕಿ, 350 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿ ಕೆಲಸ ಮಾಡುತ್ತೇನೆ.

ತೆಗೆಯುವ ಮೊದಲು ಹಳೆಯ ಬೆಸುಗೆಗೆ ಸ್ವಲ್ಪ ಫ್ಲಕ್ಸ್ (ಬೆಸುಗೆ ಚೆನ್ನಾಗಿ ಹರಿಯಲು ನೆರವಾಗುವ ವಸ್ತು) ಹಚ್ಚಿ, 63 ಭಾಗ ತವರ, 37 ಭಾಗ ಸೀಸ ಇರುವ ಹೊಸ ಬೆಸುಗೆಯನ್ನು ಸೇರಿಸುತ್ತೇನೆ. ಅದು 183 ಡಿಗ್ರಿಗೇ ಕರಗುವುದರಿಂದ ಶಾಖ ಎಲ್ಲೆಡೆ ಬೇಗ ಹರಡುತ್ತದೆ. ಒಂದು ಕಾಲನ್ನು ಕಾಯಿಸುತ್ತಾ ಕೆಪಾಸಿಟರನ್ನು ಸ್ವಲ್ಪ ವಾಲಿಸಿ, ಮತ್ತೆ ಇನ್ನೊಂದು ಕಾಲನ್ನು ಕಾಯಿಸುತ್ತಾ ಆ ಕಡೆಗೆ ವಾಲಿಸಿದರೆ ತಾನಾಗಿ ಹೊರಬರುತ್ತದೆ. ತೂತಿನಲ್ಲಿ ಉಳಿದ ಬೆಸುಗೆಯನ್ನು ಪಂಪಿನಿಂದ ಹೀರಬಹುದು, ಆದರೆ ನನಗೆ ಅದಕ್ಕಿಂತ ಹಿಡಿಸಿದ್ದು ಇಂಜೆಕ್ಷನ್ ಸೂಜಿ. ಸ್ಟೇನ್‌ಲೆಸ್ ಉಕ್ಕಿಗೆ ಬೆಸುಗೆ ಅಂಟುವುದಿಲ್ಲ. ಒಂದು ಬದಿಯಿಂದ ಕಾಯಿಸುತ್ತಾ ಇನ್ನೊಂದು ಬದಿಯಿಂದ ಸೂಜಿಯನ್ನು ತಿರುಗಿಸುತ್ತಾ ತೂರಿಸಿ ಹಿಡಿದು, ಆರಿದ ಮೇಲೆ ಎಳೆದರೆ ತೂತು ದುಂಡಗೆ, ಸ್ವಚ್ಛವಾಗಿ ಸಿಗುತ್ತದೆ.

ಹೊಸ ಕೆಪಾಸಿಟರ್ 105 ಡಿಗ್ರಿಯ, ಒಳಗಿನ ರೋಧ ಕಡಿಮೆ ಇರುವ, ಅಂದರೆ ಕಡಿಮೆ ಇಎಸ್‌ಆರ್‌ನ ಬಗೆಯದೇ ಆಗಬೇಕು. ಮೈಕ್ರೋಫ್ಯಾರಡ್ ಮೊದಲಿನಷ್ಟೇ ಇರಲಿ, ವೋಲ್ಟೇಜ್ ಮೊದಲಿನಷ್ಟು ಅಥವಾ ಅದಕ್ಕಿಂತ ಹೆಚ್ಚು ಇರಲಿ. 85 ಡಿಗ್ರಿಯ ಸಾಮಾನ್ಯ ಕೆಪಾಸಿಟರನ್ನು ಪ್ರೊಸೆಸರ್ ಪಕ್ಕ ಹಾಕಿದರೆ ಬೋರ್ಡು ಮತ್ತೆ ದುರಸ್ತಿಗೆ ಬರುತ್ತದೆ. ಋಣ ಕಾಲಿನ ಗುರುತನ್ನು ಎಲ್ಲ ತಯಾರಕರೂ ಒಂದೇ ರೀತಿ ಮುದ್ರಿಸಿಲ್ಲವಾದ್ದರಿಂದ ತೆಗೆಯುವ ಮುನ್ನ ಮೊಬೈಲಿನಲ್ಲಿ ಚಿತ್ರ ತೆಗೆದಿಟ್ಟುಕೊಳ್ಳುವುದು ಕ್ಷೇಮ. ಬೆಸುಗೆಯಲ್ಲಿ ಸೀಸವಿದೆ; ಕಿಟಕಿ ತೆರೆದಿರಬೇಕು, ಊಟಕ್ಕೆ ಮೊದಲು ಸಾಬೂನಿನಿಂದ ಕೈ ತೊಳೆಯಬೇಕು.

ಸ್ಕ್ರೂಡ್ರೈವರ್ ಒಂದೇ ಸಾಕು, ಆದರೆ ಗಟ್ಟಿ ಉಕ್ಕಿನ, ಪಿಎಚ್2 ಅಳತೆಯ ಫಿಲಿಪ್ಸ್ ಮೊನೆಯದು ಆಗಿರಬೇಕು. ಮೂವತ್ತು ಮೊನೆಗಳ ಅಗ್ಗದ ಪೆಟ್ಟಿಗೆ ಸ್ಕ್ರೂವಿನ ತಲೆಯನ್ನು ಸವೆಸುತ್ತದೆ. ದೂಳಿಗೆ ಬ್ಲೋವರ್ ಬಳಸುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಲ್ಲಿ ಹಿಡಿದುಕೊಳ್ಳಬೇಕು. ರ‍್ಯಾಮ್ ಮತ್ತು ಕಾರ್ಡ್‌ಗಳ ಬಂಗಾರದ ಅಂಚಿಗೆ ಮಕ್ಕಳ ಬಿಳಿ ರಬ್ಬರ್, ಆಮೇಲೆ ಆಲ್ಕೊಹಾಲ್ ಸಾಕು. ಮರಳು ಕಾಗದ ಉಜ್ಜಿದರೆ ತೆಳುವಾದ ಆ ಬಂಗಾರದ ಲೇಪ ಹೋಗಿ ಸಂಪರ್ಕ ಎಂದೆಂದಿಗೂ ಕೆಡುತ್ತದೆ.

ಬೋರ್ಡು ಬದುಕಿದ ಮೇಲೆ ಉಳಿಯುವ ಪ್ರಶ್ನೆ ಡಿಸ್ಕಿನದು. ಕಾಂಪ್ಯಾಕ್ಟ್ ಫ್ಲ್ಯಾಶ್ ಕಾರ್ಡು ಆ ಕಾಲದ ಯಂತ್ರಗಳ ಐಡಿಇ ಡಿಸ್ಕಿನ ಭಾಷೆಯನ್ನೇ ಆಡುವುದರಿಂದ ಒಂದು ಅಗ್ಗದ ಅಡಾಪ್ಟರ್ ಹಾಕಿದರೆ ಹಳೆಯ ಬೋರ್ಡು ಅದನ್ನು ಹಾರ್ಡ್ ಡಿಸ್ಕ್ ಎಂದೇ ಒಪ್ಪಿಕೊಳ್ಳುತ್ತದೆ. ಅನೇಕ 486 ಬಯಾಸ್‌ಗಳು 1024 ಸಿಲಿಂಡರ್, 16 ಹೆಡ್, 63 ಸೆಕ್ಟರ್‌ಗಳ ಆಚೆ ಕಾಣಲಾರವು. ಆ ಮಿತಿ, ಒಂದು ಎಂಬಿಗೆ ಹತ್ತು ಲಕ್ಷ ಬೈಟ್ ಎಂಬ ಕಾರ್ಡಿನ ಲೆಕ್ಕದಲ್ಲಿ, ಸುಮಾರು 528 ಎಂಬಿ ಆದ್ದರಿಂದ ಅಂಥ ಯಂತ್ರಕ್ಕೆ 512 ಎಂಬಿ ಕಾರ್ಡು ಹೇಳಿಮಾಡಿಸಿದಂತಿರುತ್ತದೆ. ಫ್ಲಾಪಿ ಡ್ರೈವಿನ ಜಾಗಕ್ಕೆ ಗೋಟೆಕ್ ಎಂಬ ಎಮ್ಯುಲೇಟರ್ ಇದೆ. ಪೆನ್ ಡ್ರೈವಿನಲ್ಲಿಟ್ಟ ಫ್ಲಾಪಿ ಪ್ರತಿಗಳನ್ನು ಅದು 1.44 ಎಂಬಿ ಫ್ಲಾಪಿಗಳಂತೆ ಯಂತ್ರಕ್ಕೆ ಒಡ್ಡುತ್ತದೆ. ಬಯಾಸ್ ಚಿಪ್ಪನ್ನು ಓದಿ ಬರೆಯುವ ಈಪ್ರಾಮ್ ಪ್ರೋಗ್ರಾಮರ್ ನಿತ್ಯ ಬೇಕಾಗುವುದಿಲ್ಲ, ಆದರೂ ಸಾಕೆಟ್ಟಿನಲ್ಲಿರುವ ಬಯಾಸ್ ಚಿಪ್ಪು ಕಂಡಾಗಲೆಲ್ಲ ಅದರ ಪ್ರತಿಯೊಂದನ್ನು ತೆಗೆದಿಡುತ್ತೇನೆ.

ಕೊನೆಗೆ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86+ ತಂತ್ರಾಂಶವನ್ನು ರಾತ್ರಿಯಿಡೀ ಓಡಲು ಬಿಡುತ್ತೇನೆ. ಬೆಳಿಗ್ಗೆ ಒಂದೇ ಒಂದು ಕೆಂಪು ಸಾಲು ಕಂಡರೂ ಯಂತ್ರ ಮೇಜಿನಿಂದ ಕೆಳಗಿಳಿಯುವುದಿಲ್ಲ. ಒಂದೂ ಕಾಣದಿದ್ದರೆ ಗ್ರಾಹಕರ ಡಿಸ್ಕನ್ನು ಪೂರ್ತಿ ಎರಡು ಕಾರ್ಡುಗಳಿಗೆ ನಕಲು ಮಾಡಿ, ಒಂದನ್ನು ಯಂತ್ರದೊಳಗೆ ಕೂರಿಸಿ, ಇನ್ನೊಂದನ್ನು ಲಕೋಟೆಯಲ್ಲಿ ಹಾಕಿ, ಅದರ ಮೇಲೆ ಬಯಾಸ್ ಸೆಟಪ್ಪಿನ ಅಂಕಿಗಳನ್ನು ಬರೆದು ಅವರ ಕೈಗೇ ಕೊಡುತ್ತೇನೆ.