ತಂಬೂರಿ ಉಳಿದಿದೆಯೇ? ಅಬ್ದುಲ್ ಕರೀಂ ಖಾನರ ರೆಕಾರ್ಡುಗಳನ್ನು ಹೋಲಿಸುವ ಬಗೆ

ಉಸ್ತಾದ್ ಅಬ್ದುಲ್ ಕರೀಂ ಖಾನರು 1930ರ ದಶಕದ ಮಧ್ಯಭಾಗದಲ್ಲಿ ಓಡಿಯನ್ ಕಂಪನಿಗೆ ಹಾಡಿಕೊಟ್ಟ ಮೂರು ಮೂರು ನಿಮಿಷದ ರೆಕಾರ್ಡುಗಳು ಇವತ್ತು ಐದಾರು ರೂಪದಲ್ಲಿ ಸಿಗುತ್ತವೆ. ಮೂಲದ 78 ಆರ್‌ಪಿಎಂ (ನಿಮಿಷಕ್ಕೆ 78 ಸುತ್ತು ತಿರುಗುವ) ಪ್ಲೇಟು, ಅದೇ ಅಚ್ಚಿನಿಂದ ಮುಂದೆ ಬೇರೆ ಲೇಬಲ್ಲಿನಲ್ಲಿ ಒತ್ತಿದ ಪ್ಲೇಟು, ಎಲ್‌ಪಿ, ಕ್ಯಾಸೆಟ್ಟು, ಸಿಡಿ, ಕೊನೆಗೆ ಫೋನಿನ ಸ್ಟ್ರೀಮಿಂಗ್. ಇವುಗಳಲ್ಲಿ ಯಾವುದು ಚೆನ್ನಾಗಿದೆ ಎಂದು ಕೇಳಿದರೆ ಹೆಚ್ಚಿನವರು ಕರಕರ ಸದ್ದು ಕಡಿಮೆ ಇರುವುದನ್ನು ತೋರಿಸುತ್ತಾರೆ. ನಾನು ನೋಡುವುದು ಬೇರೆ. ಒಂದು ಸಾಲು ಮುಗಿದು ಮುಂದಿನದಕ್ಕೆ ಖಾನರು ಉಸಿರೆಳೆದುಕೊಳ್ಳುವ ಹೊತ್ತಿನಲ್ಲಿ ಹಿಂದಿನ ತಂಬೂರಿ ಕೇಳಿಸುತ್ತದೆಯೋ ಇಲ್ಲವೋ?

ಈ ಪ್ರಶ್ನೆಗೆ ಕಾರಣ ಅವರ ಗಾಯಕಿಯಲ್ಲೇ ಇದೆ. ಕಿರಾನಾ ಘರಾಣೆಯ ಮೂಲಪುರುಷರು, ಕುಂದಗೋಳದ ಸವಾಯಿ ಗಂಧರ್ವರ ಗುರುಗಳು. ಗಂಗೂಬಾಯಿ ಹಾನಗಲ್ಲರು, ಭೀಮಸೇನ ಜೋಶಿಯವರು ಅದೇ ಬೇರಿನಿಂದ ಬಂದವರು. ಖಾನರದು ಗಂಟಲು ಬಿಟ್ಟು ಅಬ್ಬರಿಸುವ ಹಾಡುಗಾರಿಕೆಯಲ್ಲ. ಸಣ್ಣ ಧ್ವನಿಯಲ್ಲಿ ಒಂದು ಸ್ವರವನ್ನು ಹಿಡಿದು, ತಂಬೂರಿಯೊಳಗೆ ಕರಗಿಸಿ ಬಿಡುವ ರೀತಿ. ಸ್ವರದ ಆ ಬಾಲ ತೀರಾ ಮೆಲ್ಲಗಿರುತ್ತದೆ, ಪ್ಲೇಟಿನ ಸರಸರ ಸದ್ದಿನ ಮಟ್ಟಕ್ಕೇ ಇಳಿದಿರುತ್ತದೆ. ಸದ್ದು ತೆಗೆಯುವ ಸಾಫ್ಟ್‌ವೇರಿಗೆ ಎರಡರ ವ್ಯತ್ಯಾಸ ಗೊತ್ತಾಗುವುದಿಲ್ಲ. ಮೊದಲು ಹೋಗುವುದು ತಂಬೂರಿ, ಆಮೇಲೆ ಸ್ವರದ ಬಾಲ, ಆಮೇಲೆ ಉಸಿರು.

ಹೋಲಿಕೆಗೆ ಕೂರುವ ಮೊದಲು ಅವು ನಿಜಕ್ಕೂ ಬೇರೆ ಬೇರೆ ವರ್ಗಾವಣೆಗಳೇ, ಅಂದರೆ ಪ್ಲೇಟನ್ನು ಬೇರೆ ಬೇರೆ ಸಲ ನುಡಿಸಿ ಟೇಪಿಗೋ ಕಂಪ್ಯೂಟರಿಗೋ ಇಳಿಸಿಕೊಂಡವೇ ಎಂದು ನೋಡಿಕೊಳ್ಳಬೇಕು. ‘ಹೊಸದಾಗಿ ರೀಮಾಸ್ಟರ್ ಮಾಡಿದ್ದು’ ಎಂದು ಬರೆದಿರುವ ಬಹಳಷ್ಟು ಬಿಡುಗಡೆಗಳು ಹಳೆಯ ಎಲ್‌ಪಿಯ ಟೇಪನ್ನೇ ಸ್ವಲ್ಪ ಟ್ರೆಬಲ್ ಏರಿಸಿ ಮಾರಿದವು. ಪತ್ತೆ ಮಾಡುವುದು ಸುಲಭ. ಎರಡೂ ಫೈಲುಗಳನ್ನು ಆಡಾಸಿಟಿ ಎಂಬ ಧ್ವನಿ ಸಂಪಾದನೆಯ ಸಾಫ್ಟ್‌ವೇರಿನಲ್ಲಿ ಒಂದರ ಕೆಳಗೊಂದು ತೆರೆದು, ಎದ್ದು ಕಾಣುವ ಐದಾರು ಟಿಕ್ ಸದ್ದುಗಳ ಜಾಗ ಗುರುತಿಸುತ್ತೇನೆ. ಗೀರು ಆಯಾ ಪ್ರತಿಗೇ ಸೇರಿದ್ದು. ಒಂದೇ ಅಚ್ಚಿನ ಎರಡು ಪ್ಲೇಟುಗಳಲ್ಲಿ ಗೀರುಗಳು ಒಂದೇ ಕಡೆ ಬೀಳುವುದಿಲ್ಲ. ಟಿಕ್‌ಗಳ ನಡುವಣ ಅಂತರ ಎರಡರಲ್ಲೂ ಒಂದೇ ಅನುಪಾತದಲ್ಲಿದ್ದರೆ ಎರಡಕ್ಕೂ ಮೂಲ ಒಂದೇ ಪ್ರತಿ.

ಟಿಕ್‌ಗಳನ್ನೆಲ್ಲ ಒರೆಸಿಬಿಟ್ಟಿದ್ದರೆ ಓಲಾಟ ನೋಡಬೇಕು. ನಡುವಿನ ತೂತು ಕೂದಲೆಳೆಯಷ್ಟು ಪಕ್ಕಕ್ಕೆ ಸರಿದಿದ್ದರೂ ಶ್ರುತಿ ಪ್ರತಿ ಸುತ್ತಿಗೊಮ್ಮೆ, ಅಂದರೆ 0.77 ಸೆಕೆಂಡಿಗೊಮ್ಮೆ, ಏರಿ ಇಳಿಯುತ್ತದೆ. ಧ್ವನಿಯನ್ನು ಚಿತ್ರವಾಗಿ ತೋರಿಸುವ ಸೋನಿಕ್ ವಿಷುಯಲೈಸರ್ ಸಾಫ್ಟ್‌ವೇರಿನಲ್ಲಿ ಹಾರ್ಮೋನಿಯಂನ ಒಂದು ಗೆರೆಯನ್ನು ಹಿಗ್ಗಿಸಿದರೆ ಆ ಅಲೆ ಕಣ್ಣಿಗೇ ಕಾಣುತ್ತದೆ. ಏರಿಕೆ, ಇಳಿತ ಎರಡು ಬಿಡುಗಡೆಗಳಲ್ಲೂ ಹಾಡಿನ ಅದೇ ಅಕ್ಷರಗಳ ಮೇಲೆ ಬಿದ್ದರೆ ಎರಡೂ ಒಂದೇ ವರ್ಗಾವಣೆಯ ಮಕ್ಕಳಾಗಿರುವ ಸಂಭವ ಹೆಚ್ಚು.

ಕರೆಂಟಿನಿಂದ ರೆಕಾರ್ಡಿಂಗಿಗೆ ಸೇರಿಕೊಳ್ಳುವ ಗುಂಯ್ ಸದ್ದನ್ನೂ (ಹಮ್) ಬಿಡಬೇಡಿ. 60 ಹರ್ಟ್ಸಿನಲ್ಲಿ ಗೆರೆಯಿದ್ದರೆ ವರ್ಗಾವಣೆ ಅಮೆರಿಕದ ಕಡೆಯದು ಎಂದು ಊಹಿಸಬಹುದು. 50ರಲ್ಲಿದ್ದರೆ ಭಾರತದ್ದೋ ಯುರೋಪಿನದೋ ಇರಬೇಕು. ಗೆರೆ 51.5ರಲ್ಲಿ ಕೂತಿದ್ದರೆ? ವರ್ಗಾವಣೆ ಆದಮೇಲೆ ಯಾರೋ ವೇಗವನ್ನು ನೂರಕ್ಕೆ ಮೂರರಷ್ಟು ಏರಿಸಿದ್ದಾರೆ.

ವೇಗದ ವಿಷಯಕ್ಕೆ ಹೆಚ್ಚು ಸಮಯ ಕೊಡಬೇಕು, ಏಕೆಂದರೆ ಅದು ಕಿವಿಯನ್ನು ಮೋಸ ಮಾಡುತ್ತದೆ. 78ರ ಬದಲು 79ರಲ್ಲಿ ತಿರುಗಿಸಿದರೆ ಶ್ರುತಿ 22 ಸೆಂಟ್ (ಒಂದು ಅರ್ಧಸ್ವರದ ನೂರನೇ ಒಂದು ಭಾಗ ಒಂದು ಸೆಂಟ್) ಏರುತ್ತದೆ. ನಾಲ್ಕೂವರೆ ಆರ್‌ಪಿಎಂ ಹೆಚ್ಚಾದರೆ ಹತ್ತಿರ ಹತ್ತಿರ ಒಂದು ಅರ್ಧಸ್ವರವೇ ಮೇಲಕ್ಕೆ. ವೇಗ ತುಸು ಹೆಚ್ಚಾದರೆ ಧ್ವನಿ ‘ಸ್ಪಷ್ಟ’ವಾಗಿ, ತಾನುಗಳು ಚುರುಕಾಗಿ ಕೇಳುತ್ತವೆ. ಕೇಳುಗರು ಅದನ್ನೇ ಒಳ್ಳೆಯ ವರ್ಗಾವಣೆ ಎಂದುಕೊಳ್ಳುತ್ತಾರೆ. ಕ್ಯಾಸೆಟ್ಟು ನೂರಕ್ಕೆ ಎರಡರಷ್ಟು ತಪ್ಪಿ ಓಡುವುದು ಮಾಮೂಲು, ಅಲ್ಲಿಗೇ 34 ಸೆಂಟ್ ಹೋಯಿತು. ಶ್ರುತಿಗಳನ್ನು ಅಳೆಯಲು ಹೊರಟಿದ್ದ ವಿದ್ವಾಂಸರಾದ ದೇವಲ್, ಕ್ಲೆಮೆಂಟ್ಸ್ ಅವರ ಜೊತೆ ಸೇರಿ ಶ್ರುತಿಗಳ ಲೆಕ್ಕಾಚಾರಕ್ಕೆ ತಮ್ಮ ಕಂಠವನ್ನೇ ಕೊಟ್ಟವರು ಖಾನರು. ಅವರ ಷಡ್ಜವನ್ನೇ ಅತ್ತಿತ್ತ ತಳ್ಳಿ ಮಾರುವುದು ನ್ಯಾಯವಲ್ಲ.

ಟ್ರ್ಯಾಕಿನ ಒಟ್ಟು ಅವಧಿ ನೋಡಿ ವೇಗ ಹೇಳಲಾಗದು, ಹಿಂದೆ ಮುಂದೆ ಖಾಲಿ ಜಾಗ ಎಷ್ಟು ಬಿಟ್ಟಿದ್ದಾರೋ ಯಾರಿಗೆ ಗೊತ್ತು. ನಾನು ತಬಲದ ಮೊದಲ ಸ್ಪಷ್ಟ ಪೆಟ್ಟಿನಿಂದ ಕೊನೆಯ ಸಾಲಿನ ಒಂದು ಗಟ್ಟಿ ವ್ಯಂಜನದವರೆಗೆ ಅಳೆಯುತ್ತೇನೆ. ಒಂದರಲ್ಲಿ 185 ಸೆಕೆಂಡು, ಇನ್ನೊಂದರಲ್ಲಿ 191 ಬಂದರೆ ವ್ಯತ್ಯಾಸ 55 ಸೆಂಟ್. ಯಾವುದು ಸರಿ ಎಂದು ತೀರ್ಮಾನಿಸಲು ಅಕ್ಕಪಕ್ಕದ ಮ್ಯಾಟ್ರಿಕ್ಸ್ ನಂಬರಿನ (ಮುದ್ರಣವನ್ನು ಗುರುತಿಸುವ ನಂಬರಿನ) ರೆಕಾರ್ಡುಗಳು ಬೇಕು. ಈ ನಂಬರು ಲೇಬಲ್ಲಿನ ಸುತ್ತಲಿನ ಖಾಲಿ ಜಾಗದಲ್ಲಿ ಕೆತ್ತಿರುತ್ತದೆ, ಲೇಬಲ್ಲಿನ ಕ್ಯಾಟಲಾಗ್ ನಂಬರಿಗಿಂತ ಇದನ್ನೇ ನಂಬಬೇಕು. ಒಂದೇ ಕೂಟದಲ್ಲಿ ಮುದ್ರಿಸಿದವುಗಳಲ್ಲಿ ಹಾರ್ಮೋನಿಯಂ ಒಂದೇ ಆಗಿರುವ ಸಂಭವ ಹೆಚ್ಚು, ಅದರ ರೀಡುಗಳು ಮಧ್ಯೆ ಶ್ರುತಿ ಬದಲಿಸುವುದಿಲ್ಲ. ನಾಲ್ಕು ಹಾಡುಗಳಲ್ಲಿ ಮೂರರ ಷಡ್ಜ ಒಂದೆಡೆ ಕೂತು ಒಂದು ಮಾತ್ರ 40 ಸೆಂಟ್ ಆಚೆ ಹೋಗಿದ್ದರೆ ತಪ್ಪಿದ್ದು ಆ ಒಂದೇ. ಆಮೇಲೆ ಎಲ್ಲ ಫೈಲುಗಳನ್ನೂ ಒಂದೇ ಷಡ್ಜಕ್ಕೆ ತರುತ್ತೇನೆ. ಆಡಾಸಿಟಿಯಲ್ಲಿ ‘ಚೇಂಜ್ ಸ್ಪೀಡ್ ಅಂಡ್ ಪಿಚ್’ (ಹಳೆಯ ಆವೃತ್ತಿಗಳಲ್ಲಿ ‘ಚೇಂಜ್ ಸ್ಪೀಡ್’) ಬಳಸಬೇಕು. ‘ಚೇಂಜ್ ಪಿಚ್’ ಬಳಸಿದರೆ ಶ್ರುತಿ ಮಾತ್ರ ಬದಲಾಗಿ ಲಯ ಹಾಗೇ ಉಳಿಯುತ್ತದೆ, ಧ್ವನಿಯೂ ಕೆಡುತ್ತದೆ.

ಇನ್ನು ಗಟ್ಟಿತನ ಸಮ ಮಾಡುವುದು. ಸಾಮಾನ್ಯ ಸಂಗೀತಕ್ಕೆ ಎಲ್‌ಯುಎಫ್‌ಎಸ್ (ಕಿವಿಗೆ ಎಷ್ಟು ಗಟ್ಟಿ ಎಂದು ಲೆಕ್ಕ ಹಾಕುವ) ಅಳತೆ ಸಾಕು. ಹಳೆಯ ಪ್ಲೇಟುಗಳಿಗೆ ಅದು ಕೈಕೊಡುತ್ತದೆ. ಆ ಅಳತೆ ಮೇಲಿನ ಕಂಪನಗಳಿಗೆ ಹೆಚ್ಚು ತೂಕ ಕೊಡುವುದರಿಂದ ಸರಸರ ಸದ್ದು ಇರುವ ಫೈಲನ್ನು ‘ಗಟ್ಟಿ’ ಎಂದು ಲೆಕ್ಕ ಹಾಕಿ ಇಳಿಸಿಬಿಡುತ್ತದೆ. ಕೊನೆಗೆ ಸದ್ದು ಒರೆಸಿದ ಸಿಡಿಯಲ್ಲಿ ಗಾಯಕರು ಮುಂದೆ ನಿಂತಂತೆ, ಒರೆಸದ ವರ್ಗಾವಣೆಯಲ್ಲಿ ಹಿಂದೆ ಸರಿದಂತೆ ಕೇಳುತ್ತದೆ. ಅದಕ್ಕೇ ಪ್ರತಿ ಫೈಲಿನ ಒಂದು ನಕಲು ಮಾಡಿ, 300ರಿಂದ 3000 ಹರ್ಟ್ಸ್ ಬಿಟ್ಟು ಉಳಿದದ್ದನ್ನು ಕತ್ತರಿಸಿ, ಒಂದೇ ಸಾಲಿನ ಹತ್ತು ಹದಿನೈದು ಸೆಕೆಂಡುಗಳ ಆರ್‌ಎಂಎಸ್, ಅಂದರೆ ಸರಾಸರಿ ಗಟ್ಟಿತನ, ಅಳೆಯುತ್ತೇನೆ. ಬಂದ ವ್ಯತ್ಯಾಸವನ್ನು ಪೂರ್ತಿ ಫೈಲಿಗೆ ಅನ್ವಯಿಸಿ 0.2 ಡೆಸಿಬಲ್ ಒಳಗೆ ತರುತ್ತೇನೆ.

ಕೇಳಲು ಆರಿಸುವ ಜಾಗ ಎಲ್ಲದರಲ್ಲೂ ಒಂದೇ ಇರಬೇಕು. ಹತ್ತಿಂಚಿನ ಪ್ಲೇಟಿನಲ್ಲಿ ಮುಳ್ಳು ಒಳಸುತ್ತಿಗೆ ಬರುವಷ್ಟರಲ್ಲಿ ಅದರಡಿ ಓಡುವ ಗೆರೆಯ ವೇಗ ಹೊರಸುತ್ತಿನ ಅರ್ಧಕ್ಕೂ ಕೆಳಗೆ ಇಳಿದಿರುತ್ತದೆ, ಸೂಕ್ಷ್ಮ ವಿವರ ಅಲ್ಲಿ ತಾನಾಗಿಯೇ ಮಂಕು. ಒಂದರ ಶುರುವನ್ನು ಇನ್ನೊಂದರ ಕೊನೆಯೊಂದಿಗೆ ಹೋಲಿಸಿದರೆ ಏನೂ ಸಿಗುವುದಿಲ್ಲ.

ಭೈರವಿಯ ಠುಮರಿಯನ್ನೇ ತೆಗೆದುಕೊಳ್ಳಿ. ಒಂದು ಸ್ವರ ಹಿಡಿದು ನಿಲ್ಲಿಸಿ ಬಿಟ್ಟ ಮೇಲಿನ ಒಂದೆರಡು ಸೆಕೆಂಡನ್ನು ಸ್ಪೆಕ್ಟ್ರೋಗ್ರಾಂನಲ್ಲಿ (ಯಾವ ಹೊತ್ತಿನಲ್ಲಿ ಯಾವ ಕಂಪನವಿದೆ ಎಂದು ತೋರಿಸುವ ಚಿತ್ರದಲ್ಲಿ) ಹಿಗ್ಗಿಸಿ. ಒಳ್ಳೆಯ ವರ್ಗಾವಣೆಯಲ್ಲಿ ಕಂಠದ ದಪ್ಪ ಗೆರೆಗಳು ನಿಧಾನವಾಗಿ ಸವೆದು, ಅವುಗಳ ಹಿಂದಿನಿಂದ ತಂಬೂರಿಯ ಸಣ್ಣ ಅಡ್ಡಗೆರೆಗಳು ಎಲ್ಲೂ ಕಡಿಯದೆ ಮುಂದಿನ ಸಾಲಿಗೆ ಹೋಗಿ ಸೇರುತ್ತವೆ, ಬೂದು ಬಣ್ಣದ ಸದ್ದಿನ ಮಧ್ಯದಲ್ಲೇ. ಅತಿಯಾಗಿ ಒರೆಸಿದ ಸಿಡಿಯಲ್ಲಿ ಕಂಠ ನಿಂತ ಕೂಡಲೇ ಕಪ್ಪು. ಕಪ್ಪಿನ ಮೇಲೆ ಅಲ್ಲಲ್ಲಿ ಚುಕ್ಕೆಗಳು, ತಂಬೂರಿಯ ಗೆರೆ ತುಂಡುತುಂಡಾಗಿ ಉಳಿದದ್ದು. ಹೆಡ್‌ಫೋನಿನಲ್ಲಿ ಅದು ನೀರೊಳಗಿನ ಗುಳುಗುಳು ಸದ್ದಿನಂತೆ ಕೇಳುತ್ತದೆ. ಇನ್ನೊಂದು ಬಗೆಯಲ್ಲಿ ಸರಸರ ಸದ್ದು ಧ್ವನಿಯ ಜೊತೆಗೇ ಏಳುತ್ತದೆ, ಧ್ವನಿ ನಿಂತರೆ ಅದೂ ನಿಲ್ಲುತ್ತದೆ. ಧ್ವನಿ ನಿಂತ ಕೂಡಲೇ ಎಲ್ಲವನ್ನೂ ಮುಚ್ಚಿಬಿಡುವ ‘ಗೇಟ್’ ಹಾಕಿದ್ದಾರೆಂದು ತಿಳಿಯಿರಿ. ಒಂದೇ ಸಮ ಇರುವ ಸದ್ದನ್ನು ಕಿವಿ ಎರಡು ನಿಮಿಷದಲ್ಲಿ ಮರೆಯುತ್ತದೆ, ಏರಿಳಿಯುವ ಸದ್ದನ್ನು ಮರೆಯುವುದೇ ಇಲ್ಲ.

ಟಿಕ್ ತೆಗೆಯುವ ಫಿಲ್ಟರಿನ ಹಾನಿ ತಬಲದಲ್ಲಿ ಗೊತ್ತಾಗುತ್ತದೆ. ದಾಯಾಂನ (ಬಲಗೈ ತಬಲದ) ಅಂಚಿನ ‘ನಾ’ ಪೆಟ್ಟು ಅದರ ಕಣ್ಣಿಗೆ ಗೀರಿನಂತೆಯೇ ಚೂಪು, ತುದಿ ಕತ್ತರಿಸಿದರೆ ಪೆಟ್ಟು ‘ತಪ್’ ಎಂದು ಸತ್ತುಹೋಗುತ್ತದೆ. ಸಾಹಿತ್ಯದ ‘ತ’, ‘ಟ’ಗಳಿಗೂ ಅದೇ ಗತಿ.

ಒಂದೇ ಚಾನಲ್ಲಿನ (ಮೊನೊ) ಮುದ್ರಣವನ್ನು ಎರಡು ಚಾನಲ್ಲಿನಂತೆ ತೋರಿಸುವ ನಕಲಿ ಸ್ಟೀರಿಯೊ ಎಲ್‌ಪಿಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎಡ ಚಾನಲ್ಲಿನಿಂದ ಬಲವನ್ನು ಕಳೆದಾಗ ಬರೀ ಸರಸರ ಉಳಿದರೆ ಅದು ಪ್ರಾಮಾಣಿಕ ಮೊನೊ. ಅಂಥದ್ದರ ಎರಡೂ ಚಾನಲ್ ಕೂಡಿಸಿದರೆ ಹಾಡಿಗೆ ಹೋಲಿಸಿದಾಗ ಸರಸರ ಸದ್ದು ಸುಮಾರು 3 ಡೆಸಿಬಲ್ ತಾನಾಗಿಯೇ ಇಳಿಯುತ್ತದೆ. ಕಳೆದ ಮೇಲೂ ಹಾಡು, ಪ್ರತಿಧ್ವನಿ ಕೇಳಿದರೆ ಆ ಬಿಡುಗಡೆಯನ್ನು ಪಕ್ಕಕ್ಕಿಡಿ.

ಇಷ್ಟೆಲ್ಲಕ್ಕೂ ಆಧಾರವಾಗಿ ನಮ್ಮದೇ ಒಂದು ಕಚ್ಚಾ ವರ್ಗಾವಣೆ ಇದ್ದರೆ ತೂಗಿ ನೋಡಲು ಬರುತ್ತದೆ. ಪ್ಲೇಟನ್ನು ಭಟ್ಟಿ ಇಳಿಸಿದ ನೀರಿಗೆ ಒಂದೆರಡು ಹನಿ ಪಾತ್ರೆ ತೊಳೆಯುವ ಸೋಪು ಹಾಕಿ, ಗೆರೆಗಳ ಗುಂಟ ಮೆತ್ತನೆಯ ಬ್ರಷ್ಷಿನಲ್ಲಿ ಉಜ್ಜಿ, ಬೇಗ ಒರೆಸಿ ಒಣಗಿಸಬೇಕು. ಲೇಬಲ್ಲು ನೆನೆಯಬಾರದು. ಸ್ಪಿರಿಟ್ಟು, ಐಸೊಪ್ರೊಪೈಲ್ ಹತ್ತಿರ ಸುಳಿಯಕೂಡದು. ಎಲ್‌ಪಿಗೆ ಅದು ನಡೆದೀತು, ಅರಗಿನ ಪ್ಲೇಟಿನ ಅರಗೇ ಕರಗಿಹೋಗುತ್ತದೆ. ಮುಳ್ಳು 3 ಮಿಲ್‌ನ (ಒಂದು ಮಿಲ್ ಎಂದರೆ ಇಂಚಿನ ಸಾವಿರದ ಒಂದು ಭಾಗ) ಆಸುಪಾಸಿನದು ಇರಲಿ. ಎಲ್‌ಪಿಯ 0.7 ಮಿಲ್ ಮುಳ್ಳು ಗೆರೆಯ ತಳದ ಕೊಳೆಯಲ್ಲಿ ಉರುಳಾಡುತ್ತದೆ. ನಾನು 2.5, 2.8, 3.0 ಮೂರನ್ನೂ ಹಾಕಿ ನೋಡುತ್ತೇನೆ. ಹಳೆಯ ಸ್ಟೀಲ್ ಮುಳ್ಳುಗಳು ಗೋಡೆಯನ್ನು ಒಂದು ಎತ್ತರದಲ್ಲಿ ಸವೆಸಿರುತ್ತವೆ, ಗಾತ್ರ ಬದಲಿಸಿದರೆ ಸವೆಯದ ಭಾಗಕ್ಕೆ ತಾಗುವ ಅವಕಾಶವಿದೆ. ತಾರ ಷಡ್ಜದಲ್ಲಿ ‘ಕಿರ್’ ಎಂದು ಒಡೆಯುವ ಧ್ವನಿಗೆ ಇದೊಂದೇ ಮದ್ದು, ಸಾಫ್ಟ್‌ವೇರಿನಲ್ಲಿ ಅದಕ್ಕೆ ಔಷಧಿಯಿಲ್ಲ.

ಮುಳ್ಳಿನ ಸಣ್ಣ ಸಂಕೇತವನ್ನು ಹಿಗ್ಗಿಸುವ ಫೋನೊ ಪ್ರೀಆಂಪಿನಲ್ಲಿ ಆರ್‌ಐಎಎ ಕರ್ವ್, ಅಂದರೆ ತಗ್ಗು-ಮೇಲಿನ ಕಂಪನಗಳನ್ನು ಸರಿತೂಗಿಸುವ ಏರ್ಪಾಡು, ಆಫ್ ಇರಲಿ. ಅದು 1954ರ ಆಚೆಯ ಎಲ್‌ಪಿಗಳಿಗಾಗಿ ಬಂದದ್ದು, 5 ಕಿಲೋಹರ್ಟ್ಸ್ ಹೊತ್ತಿಗೆ 8 ಡೆಸಿಬಲ್ ಇಳಿಸಿರುತ್ತದೆ. ಮೈಕಿನಿಂದ ಮುದ್ರಿಸಿದ ಎಲೆಕ್ಟ್ರಿಕಲ್ 78ರ ವಿವರವೆಲ್ಲ ಹೆಚ್ಚೂಕಡಿಮೆ ಅಲ್ಲಿಗೇ ಮುಗಿಯುವುದರಿಂದ ಇದು ಸಣ್ಣ ನಷ್ಟವಲ್ಲ. ಕೆಲವು ಬಿಡುಗಡೆಗಳು ಕಂಬಳಿ ಹೊದ್ದಂತೆ ಕೇಳುವುದು ಬಹುಪಾಲು ಇದರಿಂದಲೇ. 96 ಕಿಲೋಹರ್ಟ್ಸ್, 24 ಬಿಟ್‌ನಲ್ಲಿ ಫ್ಲಾಟ್ ಆಗಿ ಹಿಡಿದು, ಬಾಸ್ ತಿರುವನ್ನು (ಮುದ್ರಿಸುವಾಗ ತಗ್ಗು ಕಂಪನಗಳನ್ನು ಇಳಿಸಲು ಶುರುಮಾಡುವ ಜಾಗವನ್ನು) 250ರಿಂದ 300 ಹರ್ಟ್ಸ್ ನಡುವೆ ಇಟ್ಟು ಆಮೇಲೆ ಸರಿಪಡಿಸುತ್ತೇನೆ. ಹೋಲಿಕೆ ಮುಗಿಯುವ ತನಕ ಟಿಕ್ ತೆಗೆಯುವುದಿಲ್ಲ.

ಕೊನೆಯ ಪರೀಕ್ಷೆ ಹೆಸರು ಮುಚ್ಚಿ ಕೇಳುವುದು. ಫೂಬಾರ್ 2000 ಎಂಬ ಪ್ಲೇಯರಿನ ಎಬಿಎಕ್ಸ್‌ನಲ್ಲಿ (ಹೆಸರು ಮುಚ್ಚಿದ X, A ಯೋ B ಯೋ ಎಂದು ಕಿವಿಯಿಂದಲೇ ಹೇಳುವ ಪರೀಕ್ಷೆಯಲ್ಲಿ) ಹದಿನಾರಕ್ಕೆ ಹನ್ನೆರಡಾದರೂ ಸರಿ ಬಾರದಿದ್ದರೆ ಆ ಎರಡು ಬಿಡುಗಡೆಗಳ ನಡುವೆ ವ್ಯತ್ಯಾಸವಿದೆ ಎಂದು ನಾನು ಬರೆದಿಡುವುದಿಲ್ಲ, ಸಿಡಿಗೆ ಎಷ್ಟೇ ದುಡ್ಡು ಕೊಟ್ಟಿದ್ದರೂ.

ಈ ತಂಬೂರಿಯ ಅಳತೆ 1925ರ ಹಿಂದಿನ, ಮೈಕಿಲ್ಲದೆ ಕಹಳೆಯ ಬಾಯಿಗೆ ಹಾಡಿ ಮಾಡಿದ ಕಹಳೆ ರೆಕಾರ್ಡಿಂಗ್‌ಗಳಿಗೆ ಸಲ್ಲುವುದಿಲ್ಲ. ಗಾಯಕಿ ಗೌಹರ್ ಜಾನ್ 1902ರಲ್ಲಿ ಕಲ್ಕತ್ತದಲ್ಲಿ ಗ್ರಾಮಫೋನ್ ಕಂಪನಿಯ ರೆಕಾರ್ಡಿಂಗ್ ಎಂಜಿನಿಯರ್ ಗೈಸ್‌ಬರ್ಗನ ಮುಂದೆ ಹಾಡಿದ್ದು ಅಂಥ ಕಹಳೆಗೆ. ಮುಂದೆ ಮೈಸೂರಿನ ಆಸ್ಥಾನಕ್ಕೆ ಬಂದು 1930ರಲ್ಲಿ ಅಲ್ಲೇ ತೀರಿಕೊಂಡವರು. ಆ ಕಹಳೆ ಹಿಡಿಯುತ್ತಿದ್ದದ್ದು ಸರಿಸುಮಾರು 170ರಿಂದ 2000 ಹರ್ಟ್ಸ್, ತಂಬೂರಿ ಅದಕ್ಕೆ ದಕ್ಕುತ್ತಿದ್ದದ್ದು ಅಪರೂಪ. ವೇಗವೂ ಆಗ 78ಕ್ಕೆ ನಿಂತಿರಲಿಲ್ಲ, ರೆಕಾರ್ಡಿನಿಂದ ರೆಕಾರ್ಡಿಗೆ ಬದಲಾಗುತ್ತಿತ್ತು. ಅಲ್ಲಿ ನೆರವಿಗೆ ಬರುವುದು ಕೊನೆಯಲ್ಲಿ ಅವರು ಕೂಗಿ ಹೇಳುವ ‘ಮೈ ನೇಮ್ ಈಸ್ ಗೌಹರ್ ಜಾನ್’. ಪ್ಲೇಟುಗಳು ಒತ್ತಲು ಹ್ಯಾನೋವರಿಗೆ ಹೋಗುತ್ತಿದ್ದುದರಿಂದ ಅಲ್ಲಿನ ಕೆಲಸಗಾರರಿಗೆ ಗುರುತು ಸಿಗಲೆಂದು ಮಾಡಿದ್ದ ಏರ್ಪಾಡು ಅದು. ಹಾಡಿನ ಶ್ರುತಿ ಎಲ್ಲಿ ಬೇಕಾದರೂ ಇರಬಹುದು, ಆಡುಮಾತು ಅಷ್ಟು ಸುಲಭವಾಗಿ ಸುಳ್ಳು ಹೇಳದು. ಆ ಒಂದು ವಾಕ್ಯ ಮಗುವಿನ ಮಾತಿನಂತೆಯೂ ಆಗದೆ, ಗಂಡಸಿನ ಗೊಗ್ಗರು ದನಿಯೂ ಆಗದೆ ನಿಲ್ಲುವ ವೇಗ ಹುಡುಕಿ, ಅಲ್ಲಿಂದ ಹಾಡಿನ ಷಡ್ಜಕ್ಕೆ ಬರುತ್ತೇನೆ. ಇಂಥ ಪ್ಲೇಟುಗಳ ಬಿಡುಗಡೆಯಲ್ಲಿ 4 ಕಿಲೋಹರ್ಟ್ಸಿನ ಮೇಲಿನದನ್ನೆಲ್ಲ ಕತ್ತರಿಸಿದ್ದರೂ ನನ್ನ ತಕರಾರಿಲ್ಲ. ಆ ಮಾತನ್ನು ಮಾತ್ರ ‘ಹಾಡಿಗೆ ಸೇರಿದ್ದಲ್ಲ’ ಎಂದು ಕತ್ತರಿಸಿರುವ ಸಿಡಿಯನ್ನು ನಾನು ಹೋಲಿಕೆಗೇ ತೆಗೆದುಕೊಳ್ಳುವುದಿಲ್ಲ.