‘ಕ್ರಿಪಸ್ಕ್ಯುಲರ್’ ಪದವನ್ನು ಎಲ್ಲಿ ಬಳಸಬೇಕು, ಎಲ್ಲಿ ಬಿಡಬೇಕು

ಲಾಲ್‌ಬಾಗಿನ ಚಿಟ್ಟೆ, ಬನ್ನೇರುಘಟ್ಟದ ಪ್ರಾಣಿಗಳ ಬಗ್ಗೆ ಇಂಗ್ಲಿಷಿನಲ್ಲಿ ಟಿಪ್ಪಣಿ ಬರೆಯುವವರಿಗೆ ಇವತ್ತಲ್ಲ ನಾಳೆ ಈ ವಿಶೇಷಣ ಎದುರಾಗುತ್ತದೆ. ಸೂರ್ಯ ಹುಟ್ಟುವ ಮುಂಚಿನ ನಸುಕು, ಮುಳುಗಿದ ಮೇಲಿನ ಮುಸ್ಸಂಜೆ, ಎರಡಕ್ಕೂ ಇದು ಸಲ್ಲುತ್ತದೆ. ‘ಸಂಜೆಯ’ ಎಂದಷ್ಟೇ ಅನುವಾದಿಸಿದರೆ ಅರ್ಧ ಅರ್ಥ ಹೋಯಿತು. ಪ್ರಾತಃಸಂಧ್ಯೆ, ಸಾಯಂಸಂಧ್ಯೆ ಎರಡೂ ಇರುವ ನಮ್ಮ ‘ಸಂಧ್ಯಾ’ ಇದಕ್ಕೆ ಸರಿಜೋಡಿ.

ಮೂಲ ಲ್ಯಾಟಿನ್: ‘ಕ್ರೆಪುಸ್ಕುಲುಮ್’ ಎಂದರೆ ಮಬ್ಬುಬೆಳಕು. ಇಂಗ್ಲಿಷಿಗೆ ಬಂದದ್ದು 17ನೇ ಶತಮಾನದಲ್ಲಿ. ಹೇಳುವಾಗ ಒತ್ತು ಎರಡನೆಯ ತುಂಡಿನ ಮೇಲೆ ಬೀಳಬೇಕು: ಕ್ರಿ-ಪಸ್-ಕ್ಯು-ಲರ್.

ಬರೆಯುವಾಗ ಎಚ್ಚರ ಬೇಕಾದ್ದು ‘ಕಾರ್ಪಸ್ಕ್ಯುಲರ್’ ಜೊತೆಗಿನ ಗೊಂದಲಕ್ಕೆ. ಅದು ಕಣಗಳಿಗೆ ಸಂಬಂಧಿಸಿದ್ದು. ಬೆಳಕು ಕಣಗಳಿಂದಾಗಿದೆ ಎಂಬ ನ್ಯೂಟನ್ನರ ವಾದಕ್ಕೆ ಅಂಟಿಕೊಂಡ ಪದ. ‘ಸಿ’ ಆದಮೇಲೆ ‘ಆರ್-ಇ’ ಬಂದರೆ ಸಂಧ್ಯೆ, ‘ಓ-ಆರ್’ ಬಂದರೆ ಕಣ. ಎರಡೂ ನಿಘಂಟಿನಲ್ಲಿರುವ ಪದಗಳಾದ್ದರಿಂದ ಸ್ಪೆಲ್‌ಚೆಕ್ ಕೆಂಪು ಗೆರೆ ಎಳೆಯುವುದಿಲ್ಲ, ನೀವೇ ನೋಡಿಕೊಳ್ಳಬೇಕು.

ಪ್ರಾಣಿಶಾಸ್ತ್ರದಲ್ಲಿ ಇದರ ಹಿಡಿತ ಬಿಗಿ. ಪ್ರಾಣಿ ಹೆಚ್ಚಾಗಿ ಯಾವ ಹೊತ್ತಿನಲ್ಲಿ ಓಡಾಡುತ್ತದೆ ಎಂಬುದೊಂದೇ ಅಳತೆ. ಒಣಗಿದ ಎಲೆಯಂತೆ ಕಾಣುವ ಕಾಮನ್ ಈವ್ನಿಂಗ್ ಬ್ರೌನ್ ಚಿಟ್ಟೆ ಹಗಲೆಲ್ಲ ನೆಲದ ತರಗೆಲೆಯಲ್ಲಿ ಕೂತಿದ್ದು, ಬೆಳಕು ಕುಂದಿದಾಗ ಹಾರಾಟಕ್ಕೆ ಇಳಿಯುತ್ತದೆ. ‘ಎ ಕ್ರಿಪಸ್ಕ್ಯುಲರ್ ಬಟರ್‌ಫ್ಲೈ’ ಎಂದು ಧಾರಾಳವಾಗಿ ಬರೆಯಬಹುದು. ಕಾಡುಪಾಪ ರಾತ್ರಿಯಿಡೀ ಎಚ್ಚರವಿರುವ ಜೀವಿ, ಅದಕ್ಕೆ ‘ನಾಕ್ಟರ್ನಲ್’. ಡೆಂಗಿ ಹರಡುವ ಈಡಿಸ್ ಸೊಳ್ಳೆ ಬೆಳಗ್ಗೆ ಮತ್ತು ಸಂಜೆ ಹೆಚ್ಚು ಕಚ್ಚಿದರೂ ಅದನ್ನು ಹಗಲು ಕಚ್ಚುವ ಸೊಳ್ಳೆ ಎಂದೇ ಗುರುತಿಸುತ್ತಾರೆ. ಅಲ್ಲಿ ಈ ಪದ ಹಾಕಿದರೆ ಓದಿದವರು ಮಧ್ಯಾಹ್ನ ಮೈಮರೆತಾರು. ಬೆಳಗಿನದೊಂದೇ ಹೇಳಬೇಕಿದ್ದರೆ ‘ಮ್ಯಾಟ್ಯುಟೈನಲ್’, ಸಂಜೆಯದೊಂದೇ ಆದರೆ ‘ವೆಸ್ಪರ್ಟೈನ್’.

ಹೊತ್ತನ್ನು ನಮೂದಿಸುವವರು ಇನ್ನೊಂದು ಗಮನಿಸಿ. ಸೂರ್ಯ ದಿಗಂತದಿಂದ 6 ಡಿಗ್ರಿ ಕೆಳಗಿಳಿಯುವವರೆಗಿನ ಸಿವಿಲ್ ಟ್ವೈಲೈಟ್ ಬೆಂಗಳೂರಿನಲ್ಲಿ 21ರಿಂದ 24 ನಿಮಿಷವಷ್ಟೇ. ಇಲ್ಲಿ ಸೂರ್ಯ ದಿಗಂತಕ್ಕೆ ಹೆಚ್ಚುಕಡಿಮೆ ನೇರವಾಗಿ ಇಳಿಯುತ್ತಾನೆ. ಲಂಡನ್ನಿನ ಜೂನ್ ಸಂಜೆಯಲ್ಲಿ ಓರೆಯಾಗಿ ಇಳಿಯುವುದರಿಂದ ಇದು ಮುಕ್ಕಾಲು ಗಂಟೆ ದಾಟುತ್ತದೆ. ಆದ್ದರಿಂದ ಅಲ್ಲಿನ ಪುಸ್ತಕದ ಹೊತ್ತನ್ನು ಇಲ್ಲಿಗೆ ಹಾಗೇ ಇಳಿಸಿಕೊಳ್ಳಬೇಡಿ. ‘ಕ್ರಿಪಸ್ಕ್ಯುಲರ್’ ಎಂದು ಬರೆದು ಪಕ್ಕದಲ್ಲಿ ಗಡಿಯಾರದ ಸಮಯವನ್ನೂ ಕೊಡಿ.

ನಂದಿಬೆಟ್ಟದ ಫೋಟೊಗಳ ಕೆಳಗೆ ಕಾಣುವ ‘ಕ್ರಿಪಸ್ಕ್ಯುಲರ್ ರೇಸ್’ ಎಂದರೆ ಮೋಡದ ಸಂದಿಯಿಂದ ಬೀಸಣಿಗೆಯಾಗಿ ಹರಡುವ ಕಿರಣಗಳು. ಅವು ನಿಜಕ್ಕೂ ಸಮಾಂತರ. ಹರಡಿದಂತೆ ತೋರುವುದು ದೂರದ ನೋಟದ ಭ್ರಮೆ. ಹಗಲಲ್ಲಿ ಕಂಡರೂ ಹೆಸರು ಇದೇ, ಪದದ ಮೂಲ ಕೆದಕಿ ತಕರಾರು ಎತ್ತಬೇಕಿಲ್ಲ.

ಸಾಹಿತ್ಯದಲ್ಲಿ ‘ಮಂದಬೆಳಕಿನ’, ‘ಅಸ್ಪಷ್ಟ’ ಎಂಬರ್ಥಕ್ಕೂ ಒಗ್ಗುತ್ತದೆ, ಕರೆಂಟು ಹೋದ ಹಳೇ ಮನೆಯ ನಡುಮನೆಗೆ ಹೊಂದೀತು. ಆಫೀಸ್ ಮೇಲ್‌ನಲ್ಲಿ ‘ಕ್ರಿಪಸ್ಕ್ಯುಲರ್ ಮೀಟಿಂಗ್’ ಮಾತ್ರ ಬೇಡ, ‘ಸಂಜೆ 6:30ಕ್ಕೆ’ ಅನ್ನಿ.