ಇಸಿಜಿ ತೆಗೆಯೋಕೆ ಕಲಿಯುತ್ತಿದ್ದೀರಾ? ಮೊದಲು ಪಕ್ಕೆಲುಬು ಎಣಿಸಿ

ಹೊಸದಾಗಿ ಕಲಿಯುವವರು ಮೊದಲು ಕೇಳೋದು ಈ ಗೆರೆ ಓದೋದು ಹೇಗೆ ಅಂತ. ಅದು ಡಾಕ್ಟರ ಕೆಲಸ. ನಂಬುವಂಥ ಗೆರೆಯನ್ನು ಅವರ ಕೈಗೆ ಕೊಡೋದು ನಿಮ್ಮ ಕೆಲಸ. ಎಲೆಕ್ಟ್ರೋಡ್ (ಮೈಗೆ ಹಚ್ಚುವ ವೈರಿನ ತುದಿ) ಜಾಗ ತಪ್ಪಿದರೆ ಎಷ್ಟು ಒಳ್ಳೆ ಮಷೀನಿದ್ದರೂ ಪ್ರಯೋಜನ ಇಲ್ಲ.

ಬಾಗಿಲು ಹಾಕಿ, ಪರದೆ ಎಳೆಯಿರಿ. ಏನು ಮಾಡುತ್ತೀರಿ ಅಂತ ಹೇಳಿ. "ಶಾಕ್ ಹೊಡೆಯುತ್ತಾ?" ಅಂತ ತುಂಬಾ ಜನ ಹೆದರುತ್ತಾರೆ. ಇಲ್ಲ, ಇದು ಹೃದಯದ ಕರೆಂಟನ್ನು ಬರೆದುಕೊಳ್ಳುತ್ತೆ ಅಷ್ಟೇ, ಒಳಗೆ ಏನನ್ನೂ ಬಿಡೋದಿಲ್ಲ ಅನ್ನಿ.

ವೈರು ಹತ್ತು, ಗೆರೆ ಹನ್ನೆರಡು; ಒಂದೊಂದು ಗೆರೆಗೂ ಲೀಡ್ ಅಂತ ಹೆಸರು. ನಮ್ಮಲ್ಲಿ ಹೆಚ್ಚಾಗಿ ಕಾಣುವ ಬಣ್ಣದ ಪದ್ಧತಿಯಲ್ಲಿ ಬಲಗೈಗೆ ಕೆಂಪು, ಎಡಗೈಗೆ ಹಳದಿ, ಎಡಗಾಲಿಗೆ ಹಸಿರು, ಬಲಗಾಲಿಗೆ ಕಪ್ಪು. ಬಣ್ಣ ಬೇರೆ ಇರುವ ಮಷೀನೂ ಉಂಟು, ಹಾಗಾಗಿ ವೈರಿನ ಮೇಲಿನ ಅಕ್ಷರ ನೋಡಿಯೇ ಹಾಕಿ.

ಉಳಿದ ಆರು ವೈರು, ವಿ1ರಿಂದ ವಿ6, ಎದೆಗೆ. ಅಲ್ಲಿ ಅಂದಾಜು ಬೇಡ. ಕತ್ತಿನ ಕೆಳಗಿನ ಗುಳಿಯಿಂದ ಎದೆಮೂಳೆಯ ಮೇಲೆ ಬೆರಳನ್ನು ಕೆಳಕ್ಕೆ ಜಾರಿಸಿದರೆ ಒಂದು ಸಣ್ಣ ಉಬ್ಬು ಸಿಗುತ್ತದೆ; ಅದರ ಪಕ್ಕದಲ್ಲಿರೋದೇ ಎರಡನೇ ಪಕ್ಕೆಲುಬು. ಎರಡು ಪಕ್ಕೆಲುಬುಗಳ ನಡುವಿನ ಜಾಗವೇ ಸಂದು; ಎರಡನೇ ಪಕ್ಕೆಲುಬಿನ ಕೆಳಗಿನದು ಎರಡನೇ ಸಂದು. ಇನ್ನೆರಡು ಸಂದು ಇಳಿಯಿರಿ. ಅಲ್ಲಿ ಎದೆಮೂಳೆಯ ಬಲ ಅಂಚಿಗೆ ವಿ1, ಎಡ ಅಂಚಿಗೆ ವಿ2. ಆಮೇಲೆ ವಿ3 ಬಿಟ್ಟು ವಿ4 ಹಾಕಿ: ಐದನೇ ಸಂದು, ಕಾಲರ್ ಮೂಳೆಯ ಮಧ್ಯದಿಂದ ನೇರ ಕೆಳಗೆ. ವಿ2 ಮತ್ತು ವಿ4ರ ನಡುವೆ ವಿ3. ವಿ4ರ ಮಟ್ಟದಲ್ಲೇ ಕಂಕುಳಿನ ಮುಂದಿನ ಅಂಚಿನ ನೇರಕ್ಕೆ ವಿ5, ಕಂಕುಳಿನ ನಡುವಿನ ನೇರಕ್ಕೆ ವಿ6. ಹೆಂಗಸರಿಗೆ ಸಾಮಾನ್ಯವಾಗಿ ವಿ4ರಿಂದ ವಿ6 ಸ್ತನದ ಕೆಳಗೆ ಬರುತ್ತವೆ. ಸಂಕೋಚಪಟ್ಟುಕೊಂಡು ಮೇಲೆಲ್ಲೋ ಅಂಟಿಸಬೇಡಿ. ವಿ1, ವಿ2 ಒಂದು ಸಂದು ಮೇಲೆ ಕೂರೋದೇ ಎಲ್ಲ ಕಡೆ ಕಾಣುವ ತಪ್ಪು, ಸುಮ್ನೆ ಇಲ್ಲದ ಕಾಯಿಲೆ ಕಾಣಿಸಬಹುದು.

ರಬ್ಬರ್ ಬಲ್ಬ್ ಒತ್ತಿ ಎದೆಗೆ ಕಚ್ಚಿಸುವ ಬಲ್ಬ್ ಎಲೆಕ್ಟ್ರೋಡ್ ಆದರೆ ಜೆಲ್ಲನ್ನು ಚುಕ್ಕೆ ಚುಕ್ಕೆಯಾಗಿ ಹಚ್ಚಿ. ಉದ್ದಕ್ಕೆ ಸವರಿದರೆ ಪಕ್ಕದ್ದಕ್ಕೂ ತಗುಲಿ ಎರಡೂ ಹೆಚ್ಚುಕಮ್ಮಿ ಒಂದೇ ಗೆರೆ ಬರೆಯುತ್ತವೆ. ಎದೆಯಲ್ಲಿ ಕೂದಲು ಜಾಸ್ತಿ ಇದ್ದರೆ ಕೇಳಿಕೊಂಡು ಅಷ್ಟು ಜಾಗ ಬೋಳಿಸಿ.

ಪ್ರಿಂಟ್ ಬಂದ ಮೇಲೆ ವೈರ್ ಬಿಚ್ಚುವ ಮೊದಲು ನೋಡಿ. ವೇಗ ಸೆಕೆಂಡಿಗೆ 25 ಮಿ.ಮೀ., ಕ್ಯಾಲಿಬ್ರೇಷನ್ ಗೆರೆ (ಅಳತೆ ಸರಿ ಇದೆಯಾ ಅಂತ ನೋಡೋಕೆ ಮಷೀನೇ ಬರೆಯುವ ಚೌಕಾಕಾರದ ಗುರುತು) 10 ಮಿ.ಮೀ. ಎತ್ತರ ಇರಬೇಕು. ಒಂದನೇ ಲೀಡ್ ತಲೆಕೆಳಗಾಗಿ, ಸಾಮಾನ್ಯವಾಗಿ ಕೆಳಮುಖವಾಗಿರುವ ಎವಿಆರ್ ಅನ್ನೋ ಲೀಡ್ ಮೇಲಕ್ಕೆ ಎದ್ದಿದ್ದರೆ ಎರಡು ಕೈಗಳ ವೈರು ಅದಲುಬದಲಾಗಿದೆಯಾ ಅಂತ ಮೊದಲು ನೋಡಿ. ಒಂದನೇ ಲೀಡ್ ಚೆನ್ನಾಗಿದ್ದು ಎರಡನೇದು, ಮೂರನೇದು ಮಾತ್ರ ಕೆಟ್ಟಿದ್ದರೆ ಎಡಗಾಲಿನ ಕ್ಲ್ಯಾಂಪ್ ಹಿಡಿದಿಲ್ಲ, ಯಾಕಂದ್ರೆ ಒಂದನೇ ಲೀಡು ಬರೀ ಎರಡು ಕೈಗಳ ಲೆಕ್ಕ. ಗೆರೆ ಪೂರ್ತಿ ಸಣ್ಣಗೆ ಒಂದೇ ಸಮ ನಡುಗುತ್ತಿದ್ದರೆ ಕರೆಂಟ್ ವೈರು ಹತ್ತಿರ ಇದೆ. ಒಂದೇ ಸಮ ಇಲ್ಲದೆ ನಡುಗಿದರೆ ರೋಗಿಗೇ ಚಳಿ ಇರಬಹುದು. ಫ್ಯಾನ್ ಆರಿಸಿ, ಹೊದಿಸಿ.

ಬಡಿತ ಲೆಕ್ಕ ಹಾಕೋದು ಸುಲಭ. ದೊಡ್ಡ ಚೌಕ ಒಂದಕ್ಕೆ 0.2 ಸೆಕೆಂಡ್, ಎರಡು ಚೂಪು ಅಲೆಗಳ ನಡುವಿನ ದೊಡ್ಡ ಚೌಕಗಳನ್ನು ಎಣಿಸಿ 300ನ್ನು ಅದರಿಂದ ಭಾಗಿಸಿ. ನಾಲ್ಕು ಚೌಕ ಅಂದ್ರೆ 75. ಬಡಿತ ಏರುಪೇರಾಗಿದ್ದರೆ 10 ಸೆಕೆಂಡಿನ ಪಟ್ಟಿಯಲ್ಲಿರುವ ಚೂಪು ಅಲೆ ಎಣಿಸಿ 6ರಿಂದ ಗುಣಿಸಿ.

ಹೆಸರು, ವಯಸ್ಸು, ಸಮಯ ಬರೆಯಿರಿ. ತೆಗೆಯುವಾಗ ಎದೆನೋವಿತ್ತಾ ಅಂತಾನೂ ಬರೆಯಿರಿ. ಎದೆನೋವು ಅಂತ ಬಂದವರ ಇಸಿಜಿ 10 ನಿಮಿಷದೊಳಗೆ ತೆಗೆದು ಡಾಕ್ಟರಿಗೆ ತೋರಿಸಿರಬೇಕು. ಮಷೀನು ಮೇಲ್ಗಡೆ "ನಾರ್ಮಲ್" ಅಂತ ಪ್ರಿಂಟ್ ಮಾಡಿದ್ದರೂ ಫೈಲಿನಲ್ಲಿ ಸೇರಿಸಿ ಸುಮ್ಮನಾಗಬೇಡಿ, ಡಾಕ್ಟರ ಕೈಗೇ ಕೊಡಿ.